ಗರಸು ಹಾದಿಯ ಗಿರಿಪ್ರದಕ್ಷಿಣೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂತಹ ಸಭೆಯಲ್ಲಿ ಕಾವ್ಯವನ್ನೋ ಇತಿಹಾಸವನ್ನೋ ಕುರಿತು ಮಾತನಾಡುವುದು ವಾಡಿಕೆ. ಅದನ್ನು ಬಿಟ್ಟು ಬೈಸಿಕಲ್ಲಿನ ವಿಷಯವನ್ನು ಎತ್ತಿಕೊಂಡುದು ಕೆಲವರಿಗೆ ಸೋಜಿಗವೆನಿಸೀತು. ಆದರೆ ನೀಲಗಿರಿಯ ನಿವಾಸಿಗಳಾದ ನಮಗೆ ಏರು, ಇಳುಕಲು, ತಿರುವುಗಳು ನಿತ್ಯದ ಸಂಗಾತಿಗಳು. ಕಲ್ಲಟ್ಟಿ ಘಟ್ಟದ 36 ತಿರುವುಗಳನ್ನು ಎಣಿಸುತ್ತ ಬೆಳೆದ ಮಕ್ಕಳಿಗೆ, ದೂರದೇಶದ ಇನ್ನೊಂದು ಘಟ್ಟದ ಕಥೆ ಪರಕೀಯವಾಗಿ ತೋರಲಾರದು ಎಂಬ ನಂಬಿಕೆಯಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಇಟಲಿ ದೇಶದ ವಾಯವ್ಯ ಮೂಲೆಯಲ್ಲಿ, ಟ್ಯೂರಿನ್ ನಗರಕ್ಕೆ ಪಶ್ಚಿಮವಾಗಿ, ಫ್ರಾನ್ಸಿನ ಗಡಿಗೆ ಸಮೀಪದಲ್ಲಿ ಸೂಸಾ ಎಂಬ ಪುರಾತನ ಊರಿದೆ. ರೋಮನ್ ಚಕ್ರವರ್ತಿ ಆಗಸ್ಟಸನ ಹೆಸರಿನ ಕಮಾನು ಅಲ್ಲಿ ಇಂದಿಗೂ ನಿಂತಿದೆ. ಈ ಊರಿನಿಂದ ಹೊರಟು, ಕೊಲ್ಲೆ ದೆಲ್ಲೆ ಫಿನೆಸ್ತ್ರೆ ಎಂಬ ಕಣಿವೆಯನ್ನು ಏರಿ, ಆಚೆಯ ಕಿಸೋನೆ ನದಿಯ ಕೊಳ್ಳಕ್ಕೆ ಇಳಿದು, ಬಲಕ್ಕೆ ಹೊರಳಿ ಪ್ರಜೆಲಾತೊ ಮಾರ್ಗವಾಗಿ ಸೆಸ್ತ್ರಿಯೇರೆಗೆ ಮತ್ತೆ ಏರಿ, ಚೆಸಾನ, ಊಲ್ಸ್ ಎಂಬ ಊರುಗಳನ್ನು ಹಾಯ್ದು, ದೋರಾ ನದಿಯ ಜೊತೆಜೊತೆಗೆ ಸೂಸಾಕ್ಕೆ ಮರಳಿದರೆ ಒಂದು ಪ್ರದಕ್ಷಿಣೆ ಪೂರ್ಣವಾಗುತ್ತದೆ. ದೂರ ನೂರು ಕಿಲೋಮೀಟರಿಗೆ ತುಸು ಕಡಿಮೆ. ದೂರವನ್ನು ಕೇಳಿದವರು ಇದೇನು ಮಹಾ ಎಂದಾರು; ಎತ್ತರವನ್ನು ಕೇಳಿದ ಮೇಲೆ ಹಾಗೆನ್ನಲಾರರು.

ಸೂಸಾದ ಎತ್ತರ 503 ಮೀಟರು. ಕಣಿವೆಯ ನೆತ್ತಿ 2178 ಮೀಟರು. ಅಂದರೆ ಹೆಚ್ಚು ಕಡಮೆ ನಮ್ಮ ಉದಕಮಂಡಲದಷ್ಟೇ ಎತ್ತರ. ಈ 1675 ಮೀಟರುಗಳನ್ನು ಕೇವಲ 18.5 ಕಿಲೋಮೀಟರಿನಲ್ಲಿ ಏರಬೇಕು. ನಮ್ಮ ಬೆಟ್ಟದ ರೈಲನ್ನು ತಾವೆಲ್ಲರೂ ಬಲ್ಲಿರಿ. ಮೇಟುಪಾಳ್ಯದಿಂದ ಉದಕಮಂಡಲಕ್ಕೆ ಬರಲು ಅದು 46 ಕಿಲೋಮೀಟರು ಸುತ್ತುತ್ತದೆ. ಕಲ್ಲಾರಿಗೂ ಕೂನೂರಿಗೂ ನಡುವೆ ಹಲ್ಲುಕಂಬಿಯನ್ನು ಕಚ್ಚಿ ಹಿಡಿದು ಏರುವ ಅತಿ ಕಡಿದಾದ ಜಾಗದಲ್ಲಿಯೂ ಏರಿಕೆ ನೂರಕ್ಕೆ ಎಂಟರ ಆಸುಪಾಸು. ಫಿನೆಸ್ತ್ರೆಯ ಸರಾಸರಿ ಏರಿಕೆಯೇ ನೂರಕ್ಕೆ ಒಂಬತ್ತು! ರೈಲಿಗೂ ಹಲ್ಲುಕಂಬಿ ಬೇಕಾಗುವ ಏರನ್ನು ಮನುಷ್ಯನು ತನ್ನೆರಡು ಕಾಲುಗಳ ಬಲದಿಂದಲೇ ಏರಬೇಕು.

ಇಷ್ಟಕ್ಕೇ ಮುಗಿಯಲಿಲ್ಲ. ಕೆಳಗಿನ ಹತ್ತೂವರೆ ಕಿಲೋಮೀಟರು ಕಾಡಿನ ನಡುವೆ ಸುರುಳಿ ಸುರುಳಿಯಾಗಿ ಹೋಗುವ ಇಕ್ಕಟ್ಟಾದ ಡಾಂಬರು ರಸ್ತೆ. ಅನಂತರ ಡಾಂಬರು ನಿಂತುಹೋಗುತ್ತದೆ. ನೆತ್ತಿಯವರೆಗಿನ ಉಳಿದ ಎಂಟು ಕಿಲೋಮೀಟರು ಬರಿಯ ಗರಸು, ಮಣ್ಣು, ಸಣ್ಣ ಜಲ್ಲಿ. ಹಿಂದೆ ಗಡಿಯ ಕೋಟೆಗಳಿಗೆ ಸೈನ್ಯವೂ ಸಾಮಗ್ರಿಯೂ ಹೋಗಲೆಂದು ಮಾಡಿದ ದಾರಿಯಿದು. ಆಚೆಯ ಇಳಿಜಾರಿನಲ್ಲಿ ಮತ್ತೆ ಡಾಂಬರು ಸಿಕ್ಕುತ್ತದೆ.

ಗರಸಿನ ಮೇಲೆ ಏರುವ ವಿದ್ಯೆಯೇ ಬೇರೆ. ಡಾಂಬರಿನ ಮೇಲೆ ಕಾಲು ಸೋತರೆ ಸೀಟಿನಿಂದೆದ್ದು ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿ ತುಳಿಯಬಹುದು. ಗರಸಿನಲ್ಲಿ ಎದ್ದು ನಿಂತರೆ ಹಿಂದಿನ ಚಕ್ರದ ಮೇಲಿನ ಭಾರ ತಗ್ಗಿ, ಚಕ್ರವು ಜಾರಿ ನಿಂತಲ್ಲೇ ಸುತ್ತುತ್ತದೆ. ಆದುದರಿಂದ ಕುಳಿತೇ, ಒಂದೇ ಹದದಲ್ಲಿ, ಅವಸರಪಡದೆ ತುಳಿಯಬೇಕು. ಟಯರು ತುಸು ಅಗಲವಾಗಿರಬೇಕು. ಅದರೊಳಗಿನ ಗಾಳಿ ತುಸು ಕಡಿಮೆಯಿರಬೇಕು. ಕಲ್ಲಿನಂತೆ ಬಿಗಿದ ಟಯರು ಪ್ರತಿ ಹರಳಿನ ಮೇಲೂ ಪುಟಿಯುತ್ತದೆ. ಮೆತ್ತಗಿನ ಟಯರು ನೆಲವನ್ನು ಅಪ್ಪಿ ಹಿಡಿಯುತ್ತದೆ. ಮುಂದಿನ ಹಲ್ಲುಚಕ್ರದಲ್ಲಿಯೂ ಹಿಂದಿನದರಲ್ಲಿಯೂ 34 ಹಲ್ಲುಗಳಿದ್ದರೆ, ಪೆಡಲಿನ ಒಂದು ಸುತ್ತಿಗೆ ಚಕ್ರದ ಒಂದು ಸುತ್ತು, ಅಂದರೆ ಎರಡು ಮೀಟರಿಗೆ ತುಸು ಹೆಚ್ಚು ದೂರ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿಲೋಮೀಟರು. ಇಂತಹ ಹಗುರವಾದ ಗೇರು ಇದ್ದರೆ ಸಾಮಾನ್ಯನೂ ಎರಡೂವರೆ ಗಂಟೆಯಲ್ಲಿ ಮೇಲೆ ಮುಟ್ಟಿಯಾನು.

ಇದರ ಲೆಕ್ಕವನ್ನು ಶಾಲೆಯ ಮಕ್ಕಳು ತಾವೇ ಮಾಡಿ ನೋಡಬಹುದು. ಸವಾರನೂ ಬೈಸಿಕಲ್ಲೂ ಕೂಡಿ 75 ಕಿಲೋಗ್ರಾಮಿದ್ದರೆ, ಆ ಭಾರವನ್ನು 1675 ಮೀಟರು ಎತ್ತುವ ಕೆಲಸಕ್ಕೆ, ಎರಡೂವರೆ ಗಂಟೆ ಹಿಡಿಯುವವನು ಎಡೆಬಿಡದೆ 140 ವಾಟ್‌ಗಳಷ್ಟು ಶಕ್ತಿಯನ್ನು ಒದಗಿಸಬೇಕು. ಒಂದೇ ಗಂಟೆಯಲ್ಲಿ ಮುಗಿಸಬೇಕೆನ್ನುವವನಿಗೆ 340 ವಾಟ್‌ಗಳು ಬೇಕು. ಅರ್ಧ ಕುದುರೆಶಕ್ತಿಗೆ ಸಮೀಪವಾಯಿತು. ಗಾಳಿಯ ತಡೆ, ಗರಸಿನ ಎಳೆತಗಳು ಇದಕ್ಕೆ ಹೊರತು.

1909ರಲ್ಲಿ ಪ್ರಾರಂಭವಾದ ಇಟಲಿ ಪ್ರದಕ್ಷಿಣೆಯ ಮಹಾಪಂದ್ಯ, ಅಂದರೆ ಜೀರೋ ದಿತಾಲಿಯ, ಈ ಗರಸು ಹಾದಿಗೆ ಮೊದಲು ಬಂದುದು 2005ರಲ್ಲಿ. ಪಂದ್ಯದಲ್ಲಿ ಒಟ್ಟಾರೆ ಮುಂದಿರುವವನಿಗೆ ಗುಲಾಬಿ ಬಣ್ಣದ ಅಂಗಿಯನ್ನು ತೊಡಿಸುವುದು 1931ರಿಂದ ನಡೆದುಬಂದ ಪದ್ಧತಿ. 2005ರಲ್ಲಿ ಆ ಅಂಗಿಯನ್ನು ತೊಟ್ಟಿದ್ದ ಪಾವೊಲೊ ಸವೊಲ್ದೆಲ್ಲಿ ಫಿನೆಸ್ತ್ರೆಯ ಏರಿನಲ್ಲಿ ಹಿಂದೆ ಬಿದ್ದರೂ ಎದೆಗುಂದದೆ ತನ್ನದೇ ಹದದಲ್ಲಿ ತುಳಿದನು; ಕೊನೆಗೆ ಕೇವಲ 28 ಸೆಕೆಂಡುಗಳ ಅಂತರದಿಂದ ಪಂದ್ಯವನ್ನು ಗೆದ್ದನು.

ಆದರೆ ಈ ಬೆಟ್ಟದ ನಿಜವಾದ ಕಥೆ ಇಂಗ್ಲೆಂಡಿನ ಸೈಮನ್ ಯೇಟ್ಸ್ ಎಂಬಾತನದು. 2018ರಲ್ಲಿ ಆತನು 13 ದಿನ ಗುಲಾಬಿ ಅಂಗಿಯನ್ನು ತೊಟ್ಟು ಮೆರೆದಿದ್ದನು. 19ನೆಯ ಹಂತ ಫಿನೆಸ್ತ್ರೆಯ ಮೇಲೆ ಹಾಯಿತು. ಅಂದು ಯೇಟ್ಸನ ಕಾಲು ಸೋತಿತು. 3 ನಿಮಿಷ 22 ಸೆಕೆಂಡು ಹಿಂದಿದ್ದ ಕ್ರಿಸ್ ಫ್ರೂಮ್ ಎಂಬಾತನು ಇದೇ ಗರಸಿನ ಮೇಲೆ, ಗುರಿಗೆ ಇನ್ನೂ 80 ಕಿಲೋಮೀಟರು ಉಳಿದಿರುವಾಗಲೇ, ಒಂಟಿಯಾಗಿ ನುಗ್ಗಿ ಹೋಗಿ ಅಂಗಿಯನ್ನು ಕಸಿದುಕೊಂಡನು. ಯೇಟ್ಸ್ ಗುರಿಯನ್ನು ಸೇರಿದುದು 38 ನಿಮಿಷಗಳಿಗೂ ಹೆಚ್ಚು ತಡವಾಗಿ. ಮೂರು ವಾರಗಳ ತಪಸ್ಸು ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲಾಯಿತು.

ಏಳು ವರ್ಷಗಳು ಕಳೆದವು. 2025ರ ಮೇ 31ರಂದು ಪಂದ್ಯದ ಕೊನೆಯಿಂದ ಎರಡನೆಯ ದಿನ. ಮತ್ತೆ ಅದೇ ಬೆಟ್ಟ. ಗುಲಾಬಿ ಅಂಗಿ ಮೆಕ್ಸಿಕೋದ 21 ವರ್ಷದ ತರುಣ ಇಸಾಕ್ ದೆಲ್ ತೋರೋನ ಮೈಮೇಲಿತ್ತು. ಈಕ್ವಡಾರಿನ ರಿಚರ್ಡ್ ಕರಾಪಾಸ್ ಎರಡನೆಯವನು. ಯೇಟ್ಸ್ 1 ನಿಮಿಷ 21 ಸೆಕೆಂಡು ಹಿಂದೆ, ಮೂರನೆಯವನು. ಏರಿನಲ್ಲಿ ಅವನು ಮುಂದೆ ನುಗ್ಗಿದಾಗ ಉಳಿದಿಬ್ಬರೂ ನೀನು ಬೆನ್ನಟ್ಟು, ನೀನು ಬೆನ್ನಟ್ಟು ಎಂಬಂತೆ ಒಬ್ಬರನ್ನೊಬ್ಬರು ಕಾಯುತ್ತ ಹಿಂದುಳಿದರು. ಆಚೆಯ ಕೊಳ್ಳದಲ್ಲಿ ಅವನ ತಂಡದವನಾದ ಬೆಲ್ಜಿಯಮಿನ ವೌಟ್ ವಾನ್ ಆರ್ಟ್ ಮುಂಚಿತವಾಗಿ ಹೋಗಿ ಕಾದಿದ್ದು, ಸೆಸ್ತ್ರಿಯೇರೆಯ ಕಡೆಗೆ ಗಾಳಿಗೆ ಎದೆಯೊಡ್ಡಿ ಅವನನ್ನು ಎಳೆದೊಯ್ದನು. ಅಂದು ಯೇಟ್ಸ್ ಐದು ನಿಮಿಷಗಳಿಗೂ ಹೆಚ್ಚನ್ನು ಗಳಿಸಿದನು. ಮರುದಿನ ರೋಮಿನಲ್ಲಿ 3 ನಿಮಿಷ 56 ಸೆಕೆಂಡುಗಳ ಅಂತರದಿಂದ ಜಯಶಾಲಿಯಾದನು. ಎಲ್ಲಿ ಸೋತನೋ ಅಲ್ಲಿಯೇ ಗೆದ್ದನು. ಬೆಟ್ಟವು ಬದಲಾಗಿರಲಿಲ್ಲ. ಏರಿದವನಲ್ಲಿ ತಾಳ್ಮೆ ಬಲಿತಿತ್ತು. ಜೊತೆಗಾರನೊಬ್ಬನು ಸರಿಯಾದ ಜಾಗದಲ್ಲಿ ಕಾದಿದ್ದನು.

ಮಹನೀಯರೆ, ಈ ಪ್ರದೇಶದ ಇನ್ನೊಂದು ಸಂಗತಿಯನ್ನು ಗಡಿನಾಡಿನವರಾದ ನಾವು ಗಮನಿಸಬೇಕು. ಪ್ರಜೆಲಾತೊ, ಊಲ್ಸ್ ಮೊದಲಾದ ಮೇಲುಕೊಳ್ಳದ ಊರುಗಳು 1713ರ ಉಟ್ರೆಕ್ಟ್ ಒಪ್ಪಂದದವರೆಗೆ ಫ್ರಾನ್ಸಿಗೆ ಸೇರಿದ್ದವು. ಗೆರೆ ಸರಿದರೂ ಜನ ಅಲ್ಲಿಯೇ ಉಳಿದರು. ಅವರ ಆಕ್ಸಿತನ್ ನುಡಿಯೂ ಅವರೊಡನೆ ಉಳಿಯಿತು. ಫ್ಯಾಸಿಸ್ಟರ ಆಳ್ವಿಕೆಯಲ್ಲಿ ಊಲ್ಸ್ ಎಂಬ ಊರನ್ನು ಉಲ್ಜಿಯೊ ಎಂದು ತಿದ್ದಿದರು. ಇಂದು ಹಳೆಯ ಹೆಸರೇ ಮರಳಿ ಬಂದಿದೆ. 1999ರ 482ನೆಯ ಕಾನೂನು ಆಕ್ಸಿತನ್, ಫ್ರಾಂಕೋ-ಪ್ರೊವೆನ್ಸಾಲ್ ನುಡಿಗಳನ್ನು ರಕ್ಷಿಸತಕ್ಕ ಅಲ್ಪಸಂಖ್ಯಾತ ಭಾಷೆಗಳೆಂದು ಮನ್ನಿಸಿದೆ. ಆದರೆ ಕಾನೂನು ಹಾದಿಯನ್ನು ತೋರಿಸೀತೇ ಹೊರತು ಪೆಡಲನ್ನು ತುಳಿಯಲಾರದು. ಮನೆಯಲ್ಲಿ ಮಕ್ಕಳು ಆಡುವ ಮಾತೇ ಭಾಷೆಗೆ ಬಲ.

ನಮ್ಮ ತರುಣರು ಇಟಲಿಗೆ ಹೋಗಬೇಕಾಗಿಲ್ಲ. ಉದಕಮಂಡಲ, ಕಲ್ಲಟ್ಟಿ, ಮಸಿನಗುಡಿ, ತೆಪ್ಪಕಾಡು, ಗೂಡಲೂರು, ನಡುವಟ್ಟ, ಪೈಕಾರ, ಮರಳಿ ಉದಕಮಂಡಲ. ಇದೂ ಒಂದು ಗಿರಿಪ್ರದಕ್ಷಿಣೆಯೇ. ಆದರೆ ಮುದುಮಲೆಯ ಕಾಡು ಆನೆ ಹುಲಿಗಳ ಮನೆ. ಅರಣ್ಯ ಇಲಾಖೆಯ ನಿಯಮಗಳನ್ನು ವಿಚಾರಿಸಿಕೊಂಡು, ಹಗಲಿನಲ್ಲಿ, ಜೊತೆಗೂಡಿಯೇ ಹೋಗಬೇಕು. ಇಳುಕಲಿನಲ್ಲಿ ತಿರುವಿಗೆ ಮುಂಚೆಯೇ ಎರಡೂ ಬ್ರೇಕುಗಳನ್ನು ಮೆಲ್ಲನೆ ಹಿಡಿದು ವೇಗವನ್ನು ತಗ್ಗಿಸಬೇಕು. ಗರಸಿರುವ ತಿರುವಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಒತ್ತಿದರೆ ಬೀಳುವುದು ನಿಶ್ಚಯ. ಏರುವಾಗ ಸೋತವನು ಇಳಿದು ನಡೆದರೆ ಅವಮಾನವಿಲ್ಲ. ಇಳಿಯುವಾಗ ಮೈಮರೆತವನಿಗೆ ಮಾತ್ರ ಕ್ಷಮೆಯಿಲ್ಲ.

 ಸಂಘವು ತನ್ನ ಏರುಹಾದಿಯಲ್ಲಿ ಹದ ತಪ್ಪದೆ ಮುಂದುವರಿಯಲೆಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.