ದೋಣಿಯಿಲ್ಲದವಳ ಮೀನುಗಾರಿಕೆ



ಶಿರಸಿಯ ಬೆಟ್ಟಗಳಲ್ಲಿ ಹುಟ್ಟುವ ಅಘನಾಶಿನಿಯು ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಹರಿದು, ಕುಮಟಾ ತಾಲ್ಲೂಕಿನಲ್ಲಿ ಕಡಲನ್ನು ಸೇರುತ್ತದೆ. ಮಲೆನಾಡಿನ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಬೆರೆಯುವ ಆ ಅಳಿವೆಯಲ್ಲಿ ಬಳಚು ಮೊದಲಾದ ಚಿಪ್ಪುಜೀವಿಗಳು ಹೇರಳ. ಅವು ಸುಮಾರು 2,300 ಜನರಿಗೆ ನೇರ ಉದ್ಯೋಗ ಒದಗಿಸುತ್ತಿದ್ದುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ದಾಖಲಿಸಿದ್ದಾರೆ.

ಗಂಡಸರು ದೋಣಿಯಲ್ಲಿ ಸಾಗಿ, ಆಳದ ನೀರಿನಲ್ಲಿ ಮುಳುಗಿ ಬಳಚು ತೆಗೆಯುತ್ತಾರೆ. ಹೆಂಗಸರು ನೀರಿಳಿದಾಗ ತೆರೆದುಕೊಳ್ಳುವ ಕೆಸರು ದಿಬ್ಬಗಳಲ್ಲಿ ನಡುಬಗ್ಗಿಸಿ ಕೈಯಿಂದಲೇ ಆಯುತ್ತಾರೆ. ಯಾವ ದಿಬ್ಬದಲ್ಲಿ ಮರಿಗಳಿವೆ, ಎಲ್ಲಿ ಸಂತತಿ ಕುಗ್ಗಿದೆ ಎಂಬುದು ಮೊದಲು ಅರಿವಾಗುವುದು ಆ ಕೈಗಳಿಗೆ.

ಆದರೆ 1986ರ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮವು ನೋಂದಣಿ, ಪರವಾನಗಿಗಳನ್ನು ವಿಧಿಸಿರುವುದು ದೋಣಿಗೆ. ಬುಟ್ಟಿ ಹಿಡಿದು ಕೆಸರಿಗಿಳಿದವಳ ಹೆಸರು ಆ ಕಡತದಲ್ಲಿ ಮೂಡುವುದಿಲ್ಲ. ಕಡತದಲ್ಲಿಲ್ಲದವಳನ್ನು ಸಭೆಗೆ ಕರೆಯುವವರೂ ಇಲ್ಲ.

ಸಾಕಣೆಯಲ್ಲಿಯೂ ಇದೇ ಕಥೆ. ಅಳಿವೆಯಂಚಿನ ಗಜನಿ ಭೂಮಿಯಲ್ಲಿ ಹಿಂದೆ ಉಪ್ಪುನೀರನ್ನು ತಾಳುವ ಕಗ್ಗ ಭತ್ತ ಬೆಳೆಯುತ್ತಿತ್ತು. ಅನೇಕ ಕಡೆ ಅದರ ಜಾಗವನ್ನು ಸಿಗಡಿ ಕೃಷಿ ಆಕ್ರಮಿಸಿತು. ಗುತ್ತಿಗೆಯ ಹಣ ಸೇರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಕಗ್ಗದ ಕೊಯ್ಲಿನ ಕೂಲಿ ಕಳೆದುಕೊಂಡವಳ ನಷ್ಟವನ್ನು ಯಾವ ಒಪ್ಪಂದವೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದು ಒಂದು ಅಳಿವೆಯ ಮಾತಷ್ಟೇ ಅಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2024ರ ವರದಿಯ ಪ್ರಕಾರ, ಜಗತ್ತಿನಲ್ಲಿ ಮೀನು ಹಿಡಿಯುವವರು ಮತ್ತು ಸಾಕುವವರಲ್ಲಿ ಮಹಿಳೆಯರು ಶೇ. 24, ಸಂಸ್ಕರಣೆಯಲ್ಲಿ ಶೇ. 62. ಇದೇ ಸಂಸ್ಥೆ 2014ರಲ್ಲಿ ಅಂಗೀಕರಿಸಿದ ಸಣ್ಣ ಪ್ರಮಾಣದ ಮೀನುಗಾರಿಕೆಯ ಮಾರ್ಗಸೂಚಿಗಳು, ತೀರ್ಮಾನ ಕೈಗೊಳ್ಳುವಲ್ಲಿ ಮಹಿಳೆಯರ ಸಮಾನ ಪಾಲ್ಗೊಳ್ಳುವಿಕೆಯನ್ನು ಬಯಸುತ್ತವೆ.

ಅಘನಾಶಿನಿ ಅಳಿವೆ ರಾಮ್ಸರ್ ತಾಣವಾಗಿದೆ. ಸಂರಕ್ಷಣೆಗೆಂದು ನಿಯಮ ರೂಪಿಸುವವರು ದೋಣಿಯ ಪಟ್ಟಿಯನ್ನೇ ಮೀನುಗಾರರ ಪಟ್ಟಿಯೆಂದು ಭಾವಿಸಿದರೆ, ದಿಬ್ಬಗಳಿಗೆ ನಿಷೇಧ ಬಂದ ದಿನ ಮೊದಲು ಒಲೆ ಆರುವುದು ಬುಟ್ಟಿಯವಳ ಮನೆಯಲ್ಲಿ. ಪರಿಹಾರ ಕೇಳಲು ಅವಳ ಬಳಿ ಚೀಟಿಯೊಂದೂ ಇರದು.

ಇದಕ್ಕೆ ಕೈಗೆಟಕುವ ದಾರಿಯೊಂದಿದೆ. ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ದಿಬ್ಬಗಳ ಹೆಸರು, ಬಳಚಿನ ಜಾತಿ, ಸಂಗ್ರಹದ ಕಾಲ ಇವುಗಳೊಡನೆ ಆಯುವ ಮಹಿಳೆಯರ ತಿಳಿವಳಿಕೆಯೂ ಸೇರಲಿ. ಬರೆದುಕೊಳ್ಳುವ ಕೆಲಸಕ್ಕೆ ವಿದ್ಯಾರ್ಥಿಗಳು ಮುಂದಾಗಲಿ. ಘಟ್ಟದ ಮೇಲೆ ಕಾಡು ಕಡಿದರೆ ಹೂಳು ಇಳಿಯುವುದು ಅದೇ ದಿಬ್ಬಗಳಿಗೆ. ಆದುದರಿಂದ ನದಿಯ ಭವಿಷ್ಯವನ್ನು ಚರ್ಚಿಸುವ ಸಭೆಗಳಲ್ಲಿ ಮೇಲಿನ ಊರಿನವರು ಮೊದಲು ಕೇಳಬೇಕಾದ ಪ್ರಶ್ನೆ: ಬಳಚು ಆಯುವವರು ಬಂದಿದ್ದಾರೆಯೇ?