ಚಾಚಿದ ಕೈಗೆ ಕೈಕೋಳವೇ?

(ಕುಳಗೇರಿ ಕ್ರಾಸ್‌ನ ಸಭೆಯಲ್ಲಿ ಮಾಡಿದ ಭಾಷಣ)

ಗಿರಣಿ ಕಾರ್ಮಿಕ ಬಂಧುಗಳೇ, ಅಂಗಡಿಕಾರ ಮಿತ್ರರೇ,

ಈ ಕ್ರಾಸಿನಲ್ಲಿ ಬಸ್ಸು ನಿಂತ ಕೂಡಲೇ ಕಿಟಕಿಯ ಕೆಳಗೆ ಎರಡು ಬಗೆಯ ಕೈಗಳು ಏಳುತ್ತವೆ. ಒಂದು ಶೇಂಗಾ ಮಾರುವ ಕೈ, ಇನ್ನೊಂದು ಬೇಡುವ ಕೈ. "ಬೇಡುವವರನ್ನು ಪೊಲೀಸರು ಯಾಕೆ ಹಿಡಿದೊಯ್ಯುವುದಿಲ್ಲ?" ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಗಿರಾಕಿ ತಪ್ಪುತ್ತಾನೆಂಬ ನಿಮ್ಮ ಕಷ್ಟ ಸುಳ್ಳಲ್ಲ. ಆದರೆ ಕಾಯಿದೆ ಏನು ಹೇಳುತ್ತದೆಂದು ಮೊದಲು ತಿಳಿಯೋಣ.

ಮೈಸೂರು ಸಂಸ್ಥಾನ 1944ರಲ್ಲಿ ಭಿಕ್ಷಾಟನೆ ನಿಷೇಧಿಸಿತು. ನಮ್ಮ ಭಾಗ ಆಗ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿ 1945ರಲ್ಲಿ ಕಾಯಿದೆ ಬಂತು. ಈಗ ನಮಗೆ ಅನ್ವಯಿಸುವುದು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆ. ವಾರಂಟಿಲ್ಲದೆ ಹಿಡಿಯಬಹುದು, ಪರಿಹಾರ ಕೇಂದ್ರವೆಂಬ ಹೆಸರಿನ ಬಂದೀಖಾನೆಯಲ್ಲಿ 1ರಿಂದ 3 ವರ್ಷ ಇಡಬಹುದು.

ಭಿಕ್ಷುಕನೆಂದರೆ ಯಾರು? ಬೇಡುವವನಷ್ಟೇ ಅಲ್ಲ. ಹಾಡು, ಕುಣಿತ, ಕಣಿ ಹೇಳುವುದು, ಸಾಮಾನು ಮಾರುವುದು, ಇವುಗಳ ನೆಪದಲ್ಲಿ ಬೇಡುವವನೂ ಸೇರಿದ್ದಾನೆ. ಜೀವನೋಪಾಯ ಕಾಣದೆ ಬೀದಿಯಲ್ಲಿ ಅಲೆಯುವವನೂ ಸೇರಿದ್ದಾನೆ! ಪೆನ್ನು, ಬಾಚಣಿಗೆ ಮಾರುವ ಬಡವನದು ವ್ಯಾಪಾರವೋ ನೆಪವೋ, ತೀರ್ಮಾನಿಸುವವನು ಪೊಲೀಸ್ ಪೇದೆ. ಸಣ್ಣ ವ್ಯಾಪಾರಿಗಳೇ, ಆ ಗೆರೆಯಿಂದ ನೀವೆಷ್ಟು ದೂರ ಇದ್ದೀರಿ?

ಕಾರ್ಮಿಕರೇ, ಜಿನ್ನಿನಲ್ಲಿ ಕೈ ಕಳೆದುಕೊಂಡವನು, ಮಗ್ಗ ನಿಂತ ನೇಕಾರ, ಮಳೆ ಕೈಕೊಟ್ಟ ಒಕ್ಕಲಿಗ, ಇವರಿಗೂ ಭಿಕ್ಷುಕನಿಗೂ ನಡುವೆ ಎಷ್ಟು ಹೊತ್ತಿನ ಊಟದ ಅಂತರ? 1876-78ರ ಬರದಲ್ಲಿ ಇದೇ ಸೀಮೆಯ ದುಡಿಯುವ ಜನ ಕಾಳಿಗಾಗಿ ಅಲೆದರು. ಅವರು ಸೋಮಾರಿಗಳಾಗಿದ್ದರೇ?

ಮಕ್ಕಳನ್ನು ಭಿಕ್ಷೆಗೆ ದೂಡಿ ಹಣ ಹೊಡೆಯುವ ದುಷ್ಟರಿದ್ದಾರೆ, ನಿಜ. ಅವರಿಗೆ 2015ರ ಬಾಲನ್ಯಾಯ ಕಾಯಿದೆಯಲ್ಲಿ 5 ವರ್ಷದವರೆಗೆ ಶಿಕ್ಷೆಯಿದೆ. ಆ ದುಷ್ಟರನ್ನು ಹಿಡಿಯಲಿ. ಹಸಿದವನನ್ನೇ ಯಾಕೆ ಹಿಡಿಯಬೇಕು?

ಹಿಡಿದು ಮಾಡಿದ್ದೇನು? 2010ರ ಆಗಸ್ಟಿನಲ್ಲಿ ಬೆಂಗಳೂರಿನ ಭಿಕ್ಷುಕರ ಕಾಲೋನಿಯಲ್ಲಿ ಕೆಲವೇ ದಿನಗಳಲ್ಲಿ ಹತ್ತಾರು ಜನ ಸತ್ತರು. ಹಣವಿರಲಿಲ್ಲವೇ? ನಿಮ್ಮ ಮನೆ, ಅಂಗಡಿಯ ಕರದ ರಸೀತಿ ತೆಗೆದು ನೋಡಿರಿ. ಅದರಲ್ಲಿ ಭಿಕ್ಷುಕರ ಕರವೆಂದು ನೂರಕ್ಕೆ 3 ರೂಪಾಯಿ ಇದೆ. ಪ್ರತಿ ವರ್ಷ ನೀವು ಕಟ್ಟುತ್ತೀರಿ. ಆ ಹಣದಿಂದ ಈ ಕ್ರಾಸಿನ ಯಾವ ಮುದುಕಿಗೆ ಒಂದು ರೊಟ್ಟಿ ಸಿಕ್ಕಿದೆ?

2018ರ ಆಗಸ್ಟ್ 8ರಂದು ದಿಲ್ಲಿ ಹೈಕೋರ್ಟು, ಅಲ್ಲಿ ಜಾರಿಯಲ್ಲಿದ್ದ ಮುಂಬಯಿ ಭಿಕ್ಷಾಟನೆ ಕಾಯಿದೆಯ ಶಿಕ್ಷೆಯ ಕಲಮುಗಳನ್ನು ರದ್ದುಮಾಡಿತು. ಅನ್ನ, ಕೆಲಸ ಕೊಡದ ಸರಕಾರ ಬೇಡಿದವನನ್ನು ಅಪರಾಧಿ ಎನ್ನಲಾಗದು ಎಂಬುದೇ ಅದರ ತಿರುಳು. ದಿಲ್ಲಿಯಲ್ಲಿ ಅನ್ಯಾಯವಾದದ್ದು ಬಾದಾಮಿ ತಾಲೂಕಿನಲ್ಲಿ ನ್ಯಾಯವಾದೀತೇ?

ಕೂಡಲಸಂಗಮವಿರುವ ಜಿಲ್ಲೆ ನಮ್ಮದು. ಶರಣರು ಕಾಯಕ ಹೇಳಿದರು, ದಾಸೋಹವನ್ನೂ ಹೇಳಿದರು. ಕಾಯಕ ಕೊಡದೆ, ದಾಸೋಹ ಮಾಡದೆ, ಬಂದೀಖಾನೆ ತೋರಿಸುವುದು ಯಾವ ಧರ್ಮ?

ನಮ್ಮ ಬೇಡಿಕೆ ಮೂರು. ಬಂಧನದ ಕಲಮು ಹೋಗಲಿ. ಕರದ ಹಣದಿಂದ ತಾಲೂಕಿಗೊಂದು ಬಾಗಿಲು ಹಾಕದ ಆಸರೆ ಮನೆ ಏಳಲಿ. ದುಡಿಯಬಲ್ಲವನಿಗೆ ಕೆಲಸ, ದುಡಿಯಲಾರದವನಿಗೆ ಹೊಟ್ಟೆ ತುಂಬುವಷ್ಟು ಪಿಂಚಣಿ ಸಿಗಲಿ.

ಬರುವ ಗ್ರಾಮಸಭೆಗೆ ಕರದ ರಸೀತಿ ಹಿಡಿದು ಬನ್ನಿರಿ. ಆ 3 ರೂಪಾಯಿಯ ಲೆಕ್ಕ ಕೇಳಿರಿ. ಅದು ಭಿಕ್ಷೆಯಲ್ಲ, ಹಕ್ಕು.