ತನಿಯಾ ಎನ್ನುವುದೋ, ತಾನ್ಯಾ ಎನ್ನುವುದೋ?

(ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಕಡೆಯ ಹಾಸ್ಟೆಲು ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತು)



ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಗೊಮ್ಮಟ ನಿಂತಿದ್ದಾನೆ. 1604ರಲ್ಲಿ ನಿಲ್ಲಿಸಿದ್ದು. ನಿಲ್ಲಿಸಿದ ಅರಸನ ಹೆಸರು ತಿಮ್ಮಣ್ಣ ಅಜಿಲ ಎಂದು ನಮಗೆಲ್ಲ ಗೊತ್ತುಂಟು. ಮೂಡಬಿದ್ರೆಯ ಸಾವಿರ ಕಂಬದ ಬಸದಿ 1430ರದ್ದು, ಅದೂ ಗೊತ್ತುಂಟು. ಆ ಬಂಡೆ ಎಳೆದವರು, ಆ ಕಂಬ ಹೊತ್ತವರು ಯಾರು? ಅವರ ಹೆಸರನ್ನು ಯಾವ ಮೇಷ್ಟ್ರೂ ನಮಗೆ ಹೇಳಿಕೊಡಲಿಲ್ಲ. ಹೆಸರು ಎಂದರೆ ಸಣ್ಣ ವಿಷಯ ಎಂದು ತಿಳಿದವರು ಈ ಎರಡು ಊರಿಗೆ ಹೋಗಿ ಬರಲಿ. ನಾವು ಇವತ್ತು ಮಾತಾಡುವುದು ಒಂದು ಕೂಸಿನ ಹೆಸರಿನ ಬಗ್ಗೆ.

ಕಲ್ಲಿನ ಮೇಲೆ ಹೆಸರು ಕೆತ್ತಿಸಲು ಆಗದ ನಮ್ಮ ಹಿರಿಯರು ಎಂತ ಮಾಡಿದರು? ಹುಟ್ಟಿದ ವಾರವನ್ನು ಕೂಸಿನ ಮೇಲೆಯೇ ಬರೆದರು. ಆದಿತ್ಯವಾರದವನು ಐತ, ಮಂಗಳವಾರದವನು ಅಂಗಾರ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ. ಹೆಣ್ಣಾದರೆ ತುಕ್ರು, ತನಿಯಾರು. ಜಾತಕ ಬರೆಸಲು ದುಡ್ಡಿರಲಿಲ್ಲ, ತಾರೀಕು ಬರೆದಿಡಲು ಅಕ್ಷರ ಬಿಟ್ಟುಕೊಟ್ಟಿರಲಿಲ್ಲ. ಹೆಸರೇ ಕ್ಯಾಲೆಂಡರು. ಆಮೇಲೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಗೀಚಿಬಿಟ್ಟರು. ನಿಮ್ಮ ಮನೆಯ ಹಳೇ ಕಾಗದ ತೆಗೆದು ನೋಡಿ, ಎಷ್ಟು ಮಂದಿ ಜೂನ್ 1ಕ್ಕೆ ಹುಟ್ಟಿದ್ದಾರೆ! ರಿಜಿಸ್ಟರು ಸುಳ್ಳು ಹೇಳಿತು, ಹೆಸರು ಹೇಳಲಿಲ್ಲ.

ಈಗ ವಿಷಯಕ್ಕೆ ಬರುವ. ಬಂಟ್ವಾಳ ಕಡೆಯ ಒಂದು ಕಾಲೊನಿಯಲ್ಲಿ ನಮ್ಮ ಗೆಳೆಯನಿಗೆ ಹೆಣ್ಣು ಕೂಸು ಹುಟ್ಟಿದೆ. ಶನಿವಾರ. ಅಜ್ಜಿ ಎತ್ತಿಕೊಂಡವರೇ ತನಿಯಾರು ಎಂದು ಕರೆದರು. ಅಪ್ಪ, 'ತನಿಯಾ' ಎಂದು ಇಡುವ ಎಂದ. ಅಮ್ಮ, ಬೇಡ, 'ತಾನ್ಯಾ' ಇರಲಿ ಎಂದರು. ಇಂಗ್ಲಿಷಿನಲ್ಲಿ ಬರೆದರೆ ಎರಡಕ್ಕೂ ನಡುವೆ ಇರುವುದು ಒಂದೇ ಒಂದು 'ಐ' ಅಕ್ಷರ. ಆ ಒಂದು ಅಕ್ಷರಕ್ಕಾಗಿ ಗಂಡ ಹೆಂಡತಿ ಸರಿಯಾಗಿ ಮಾತಾಡುತ್ತಿಲ್ಲ. "ನೀವೆಲ್ಲ ಓದಿದವರಲ್ವಾ, ಹೇಳಿ ಮಾರಾಯ್ರೆ" ಎಂದು ಗೆಳೆಯ ನಮ್ಮ ಮುಂದೆ ಇಟ್ಟ.

ತಾನ್ಯಾ ಎಂದರೆ ಎಂತ? ರಷ್ಯಾದಲ್ಲಿ ತತ್ಯಾನಾ ಎಂಬ ಹೆಸರಿನವಳನ್ನು ಮನೆಯಲ್ಲಿ ಮುದ್ದಿಗೆ ಕರೆಯುವ ಹೆಸರು. ಎಲ್ಲಿಯದೋ ಮನೆಯ ಮುದ್ದಿನ ಹೆಸರು ನಮ್ಮಲ್ಲಿ ಫ್ಯಾಶನ್, ನಮ್ಮ ಅಜ್ಜಿ ಮುದ್ದಿನಿಂದ ಕರೆದದ್ದು ನಾಚಿಕೆ. ವಾರದ ಹೆಸರೇ ಕೀಳು ಎನ್ನುವುದಾದರೆ ಆಫ್ರಿಕದ ಘಾನಾ ದೇಶವನ್ನು ನೋಡಿ. ಅಲ್ಲಿನ ಅಕಾನ್ ಜನರಲ್ಲಿಯೂ ಹುಟ್ಟಿದ ವಾರವೇ ಹೆಸರು. ಶನಿವಾರದ ಗಂಡು ಕ್ವಾಮೆ, ಹೆಣ್ಣು ಅಮಾ, ಶುಕ್ರವಾರದ ಗಂಡು ಕೋಫಿ. 1957ರಲ್ಲಿ ಘಾನಾ ಸ್ವತಂತ್ರವಾದಾಗ ಮುಂದೆ ನಿಂತ ಕ್ವಾಮೆ ಎನ್‌ಕ್ರುಮಾ ನಮ್ಮ ಲೆಕ್ಕದಲ್ಲಿ ತನಿಯ. 1997ರಿಂದ 2006ರವರೆಗೆ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ನಮ್ಮ ತುಕ್ರ! ಹೆಸರಿನಲ್ಲಿ ಕೊಳೆ ಇಲ್ಲ ಗೆಳೆಯರೆ. ಕರೆಯುವವನ ಬಾಯಲ್ಲಿ ಉಂಟು.

ಆ ಬಾಯಿಗೆ ಕೊಳೆ ಬಂದದ್ದು ಎಲ್ಲಿಂದ? ಮನುಸ್ಮೃತಿಯ ಎರಡನೆಯ ಅಧ್ಯಾಯ ತೆಗೆಯಿರಿ. ಬ್ರಾಹ್ಮಣನ ಹೆಸರು ಮಂಗಳವಾಗಿರಬೇಕು, ಕ್ಷತ್ರಿಯನದು ಬಲವನ್ನು ಹೇಳಬೇಕು, ವೈಶ್ಯನದು ಹಣವನ್ನು ಹೇಳಬೇಕು, ಶೂದ್ರನದು ಹೇಸಿಗೆ ತರುವಂತಿರಬೇಕು. ಶೂದ್ರನಿಗೇ ಹೀಗಾದರೆ ಅವನಿಂದಲೂ ಆಚೆ ನಿಲ್ಲಿಸಿದ ನಮ್ಮ ಪಾಡೇನು? ಹೆಣ್ಣಿಗೆ ಬೇರೆ ವಿಧಿ. ಅವಳ ಹೆಸರು ಮೆದುವಾಗಿರಬೇಕು, ಮನಸ್ಸಿಗೆ ಹಿತವಾಗಿರಬೇಕು, ಕೊನೆಯ ಸ್ವರ ದೀರ್ಘವಾಗಿರಬೇಕು. ನಮ್ಮ ಗೆಳೆಯ ಅಭಿಮಾನದಿಂದಲೇ ಹಳೆಯ ಹೆಸರು ಹಿಡಿದ, ಆದರೆ 'ರು' ತೆಗೆದು ದೀರ್ಘದಲ್ಲಿ ನಿಲ್ಲಿಸಿದ. ಮನು ಎಲ್ಲೆಲ್ಲಿ ನುಗ್ಗಿದ್ದಾನೆ ನೋಡಿ! 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರ ಮುಂದಾಳುತನದಲ್ಲಿ ಆ ಪುಸ್ತಕವನ್ನು ಸುಟ್ಟರು. ಪುಸ್ತಕ ಸುಟ್ಟಿತು. ಹಾಜರಿ ಕೂಗುವ ನಾಲಗೆಯಲ್ಲಿ ಅದು ಇನ್ನೂ ಉಂಟು.

ನಮ್ಮ ಜಿಲ್ಲೆಯ ಇನ್ನೊಂದು ಸಂಗತಿ ಕೇಳಿ. ಮೇಲ್ಜಾತಿಯ ಮನೆಯಲ್ಲಿ ಮಕ್ಕಳು ಸಾಲಾಗಿ ಸತ್ತರೆ, ಉಳಿದ ಕೂಸನ್ನು ಕೊರಗ ಹೆಂಗಸಿನ ಮಡಿಲಿಗೆ ಹಾಕುತ್ತಿದ್ದರು. ಅವಳ ಹಾಲು ಕುಡಿಸಿ, ಅವಳ ಬಾಯಿಂದಲೇ ಕೊರಗ ಎಂದೋ ಕೊರಪೊಳು ಎಂದೋ ಹೆಸರಿಡಿಸುತ್ತಿದ್ದರು. ಆಗ ಕೂಸು ಉಳಿಯುತ್ತದೆ ಎಂದು ನಂಬಿಕೆ. ಥರ್ಸ್ಟನ್ ಎಂಬ ಇಂಗ್ಲಿಷಿನವನು 1909ರಲ್ಲಿ ಅಚ್ಚು ಹಾಕಿಸಿದ ಜಾತಿ ಬುಡಕಟ್ಟುಗಳ ಪುಸ್ತಕದಲ್ಲಿ ಇದು ದಾಖಲಾಗಿದೆ. ಅವರ ಕೂಸು ಬದುಕಲು ನಮ್ಮ ಹೆಸರು ಬೇಕು. ನಮ್ಮ ಕೂಸು ಬದುಕಲು ಅದೇ ಹೆಸರನ್ನು ಬಿಡಬೇಕು! ಹಾಲು ಕೊಟ್ಟ ಅದೇ ಜನಕ್ಕೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿದರು. ಅಜಲು ಎಂಬ ಆ ಪದ್ಧತಿ ನಿಲ್ಲಿಸಲು 2000ದಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಇವತ್ತು ಕೊರಗ ತನಿಯನನ್ನು ಕೊರಗಜ್ಜ ಎಂದು ಎಲ್ಲ ಜಾತಿಯವರೂ ನಂಬುತ್ತಾರೆ, ಹರಕೆ ಹೇಳುತ್ತಾರೆ, ಕಾರಿನ ಗಾಜಿಗೆ ಅವನ ಹೆಸರು ಅಂಟಿಸುತ್ತಾರೆ. ಕಟ್ಟೆಯಲ್ಲಿ ತನಿಯನಿಗೆ ಕೈ ಮುಗಿಯುವವರು ಕ್ಲಾಸಿನಲ್ಲಿ ತನಿಯ ಎಂದರೆ ನಗುವುದು ಯಾಕೆ?

ಇಷ್ಟು ಹೇಳಿ, 'ತನಿಯಾ ಎಂದೇ ಇಡಿ' ಎಂದು ಕೂಗಿದರೆ ನಮಗೆ ಚಪ್ಪಾಳೆ ಸಿಗುತ್ತದೆ. ಆದರೆ ಆ ತಾಯಿಯ ಮಾತೂ ಕೇಳಬೇಕು. ಅವರು ಬೀಡಿ ಕಟ್ಟಿ ಮನೆ ನಡೆಸುವವರು. ಅವರದ್ದೂ ವಾರದ ಹೆಸರೇ. ಶಾಲೆಯಲ್ಲಿ ಆ ಹೆಸರನ್ನು ಎಳೆದು ಎಳೆದು ಕೂಗುತ್ತಿದ್ದರಂತೆ, ಕ್ಲಾಸಿಡೀ ನಗುತ್ತಿತ್ತಂತೆ. ಏಳನೇ ಕ್ಲಾಸಿಗೆ ಬಿಟ್ಟರು. ಅವರು ನಮ್ಮನ್ನು ಕೇಳಿದ್ದು ಇಷ್ಟೇ: "ಹೆಸರು ಹೊತ್ತು ನಡೆದದ್ದು ನಾನು ಅಣ್ಣಾ. ನಿಮ್ಮ ಬಾವುಟವನ್ನು ನನ್ನ ಮಗಳ ತಲೆ ಮೇಲೆ ಯಾಕೆ ಊರುತ್ತೀರಿ?"

ಇದಕ್ಕೆ ಉತ್ತರ ಕೊಡದೆ ನಾವು ಮುಂದೆ ಹೋಗುವ ಹಾಗಿಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರು ತಮ್ಮ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಎಂದು ಹೆಸರಿಟ್ಟರು. ಬೈಗುಳವನ್ನೇ ಎತ್ತಿ ಹಿಡಿದರು. ಆದರೆ ಅದು ಬೆಳೆದ ಕವಿ ತನ್ನ ಪುಸ್ತಕಕ್ಕೆ ತಾನೇ ಇಟ್ಟ ಹೆಸರು. ತೊಟ್ಟಿಲ ಕೂಸಿಗೆ ಆ ಆಯ್ಕೆ ಇಲ್ಲ. ಹೆಸರು ಬದಲಾದರೆ ದ್ರೋಹ ಎನ್ನುವುದೂ ತಪ್ಪು. ಬಾಬಾಸಾಹೇಬರ ಮನೆತನದ ಹೆಸರು ಸಕ್ಪಾಲ್. ಊರು ಅಂಬಡವೆ, ಅದರಿಂದ ಅಂಬಡವೇಕರ್, ಶಾಲೆಯಲ್ಲಿ ಅದು ಅಂಬೇಡ್ಕರ್ ಆಯಿತು. ಹೆಸರು ಬದಲಾಯಿತು, ಮನುಷ್ಯ ಬಗ್ಗಲಿಲ್ಲ.

ತಾಯಿಗೂ ನಾವು ಒಂದು ಮಾತು ಹೇಳಿದೆವು. ಅಕ್ಕಾ, ತಾನ್ಯಾ ಎಂದಿಟ್ಟರೂ ಮರುಪ್ರಶ್ನೆ ಬಂದೇ ಬರುತ್ತದೆ. ಅಪ್ಪನ ಹೆಸರೇನು? ಯಾವ ಕಾಲೊನಿ? ಹೆಸರಿನ ಹಿಂದೆ ಅಡಗಿ ಕೂರಲು ಈ ಊರಿನಲ್ಲಿ ಜಾಗ ಇಲ್ಲ. ಚಂದ ಕಂಡಿತು ಎಂದು ತಾನ್ಯಾ ಇಡಿ, ಸಂತೋಷ. ಹೆದರಿ ಇಡಬೇಡಿ. ನಮ್ಮ ಮನಸ್ಸು ತನಿಯಾದ ಕಡೆಗೆ ಉಂಟು. ಆದರೆ ಕೊನೆಯ ಮಾತು ನಿಮ್ಮದು, ಆ ಹೆಸರಿನ ಭಾರ ಗೊತ್ತಿರುವುದು ನಿಮಗೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ತನಿಯಾ ಎಂದೇ ಇಡುತ್ತೇನೆ. ನಾಳೆ ಶಾಲೆಯಲ್ಲಿ ಯಾರಾದರೂ ಎಳೆದು ಕೂಗಿದರೆ ಬಂದು ಕೇಳುವುದು ಯಾರು? ನೀವು ಬರುತ್ತೀರಾ?"

ಗೆಳೆಯರೆ, ಈ ಪ್ರಶ್ನೆ ಈಗ ನಿಮ್ಮ ಮುಂದೆ ಉಂಟು. ಜನನ ಮರಣ ನೋಂದಣಿ ಕಾಯ್ದೆ 1969ರದ್ದು. 21 ದಿನದೊಳಗೆ ಜನನ ಬರೆಸಬೇಕು, ಹೆಸರನ್ನು ಆಮೇಲೆ ಸೇರಿಸಬಹುದು, 12 ತಿಂಗಳವರೆಗೆ ಅದಕ್ಕೆ ದುಡ್ಡಿಲ್ಲ. ಆ ತಾಯಿ ಜನನ ಬರೆಸಿ ಹೆಸರಿನ ಜಾಗ ಖಾಲಿ ಬಿಟ್ಟಿದ್ದಾರೆ. ಅಷ್ಟರೊಳಗೆ ನಾವು ಉತ್ತರ ಹೇಳಬೇಕು. ಬಾಯಲ್ಲಿ ಹೇಳಿದರೆ ಸಾಲದು.

ನಾವು ಕೇಳುವುದು ಮೂರು ಕೆಲಸ. ಒಂದು, ನಿಮ್ಮ ನಿಮ್ಮ ಹಾಸ್ಟೆಲಿನಲ್ಲಿ, ಕಾಲೇಜಿನಲ್ಲಿ ತುಕ್ರ, ಐತ, ಗುರುವ ಎಂಬ ಹೆಸರನ್ನು ಯಾರೇ ಎಳೆದು ಕೂಗಲಿ, ಅಲ್ಲೇ ಎದ್ದು ನಿಂತು ನಿಲ್ಲಿಸಿ. ಕೂಗುವವನು ನಮ್ಮ ರೂಮಿನವನೇ ಆದರೂ ಬಿಡಬೇಡಿ. ಎರಡು, ಹತ್ತಿರದ ಪ್ರಾಥಮಿಕ ಶಾಲೆಗೆ ತಿಂಗಳಿಗೊಮ್ಮೆ ಹೋಗಿ, ನಮ್ಮ ಮಕ್ಕಳ ಹೆಸರನ್ನು ಮೇಷ್ಟ್ರು, ಟೀಚರು ಹೇಗೆ ಕರೆಯುತ್ತಾರೆ ಎಂದು ಮಕ್ಕಳನ್ನೇ ಕೇಳಿ. ಮೂರು, ಕಾಲೊನಿಯಲ್ಲಿ ಕೂಸು ಹುಟ್ಟಿದರೆ ಕಾಗದದ ಕೆಲಸಕ್ಕೆ ಜೊತೆಯಲ್ಲಿ ಹೋಗಿ. ಯಾವ ಹೆಸರಾದರೂ ಇರಲಿ, ಜನನ ಪತ್ರ, ಅಂಗನವಾಡಿ, ಆಧಾರ್, ಜಾತಿ ಪತ್ರ, ಶಾಲೆಯ ರಿಜಿಸ್ಟರು ಎಲ್ಲದರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಒಂದು 'ಐ' ಹೆಚ್ಚು ಕಡಿಮೆಯಾಗಿ ಸ್ಕಾಲರ್‌ಶಿಪ್ಪು ನಿಂತವರು ಈ ಕೂಟದಲ್ಲಿಯೇ ಇದ್ದೀರಿ. ಹತ್ತನೇ ಕ್ಲಾಸಿನ ಅಂಕಪಟ್ಟಿಗೆ ತಪ್ಪು ಅಕ್ಷರ ಬಿದ್ದರೆ ಆಮೇಲೆ ಅಫಿಡವಿಟ್ಟು, ಆಫೀಸು ಎಂದು ಅಲೆಯಬೇಕು.

ಬರುವವರು ಕೂಟ ಮುಗಿದ ಮೇಲೆ ಹೆಸರು ಬರೆಸಿ ಹೋಗಿ. ನಿಮ್ಮ ಅಜ್ಜಿ ಕರೆಯುವ ಹೆಸರು ಯಾವುದಾದರೂ ಉಂಟಾದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ, ನಾವು ಜೋರಾಗಿಯೇ ಓದುತ್ತೇವೆ.

ಜೈ ಭೀಮ್.